ವಿಚ್ಛೇದನ: ಮಗುವಿನ ಲೆಕ್ಕ ಯಾರು ಬರೆಯಬೇಕು?

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಒಡವೆ, ಜೀವನಾಂಶಗಳಿಗೆ ಪುಟಗಟ್ಟಲೆ ಷರತ್ತು. ಮಗುವಿಗೆ ಹಲವೊಮ್ಮೆ ಒಂದೇ ಸಾಲು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪ್ರಕರಣವೊಂದರಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆ, ಜುಲೈನಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಮಗುವಿರಬೇಕೆಂದು ಆದೇಶಿಸಿತು. ಶಿಕ್ಷಣದ ವೆಚ್ಚ ಸಮಪಾಲು. 2015ರಲ್ಲಿ ಕಾನೂನು ಆಯೋಗವು 257ನೇ ವರದಿಯಲ್ಲಿ ಜಂಟಿ ಪಾಲನೆಗೆ ಕಾಯ್ದೆಯ ಬಲ ಕೊಡುವಂತೆ ಶಿಫಾರಸು ಮಾಡಿತು.

ಆದರೆ ತಾಯಿ ಗಜೇಂದ್ರಗಡ ತಾಲ್ಲೂಕಿನ ರಾಜೂರಿನಲ್ಲಿ, ತಂದೆ ಬೆಂಗಳೂರಿನಲ್ಲಿ ನೆಲೆಸಿದ್ದರೆ ಈ ಆರು ತಿಂಗಳ ಲೆಕ್ಕ ನಿಲ್ಲದು. ಶಾಲೆ ತೆರೆಯುವುದು ಜೂನ್ ಆಸುಪಾಸಿನಲ್ಲಿ. ಜುಲೈನಲ್ಲಿ ಮಗು ಶಾಲೆಯನ್ನೇ ಬದಲಿಸಬೇಕಾದೀತು! ಶಾಲೆ ಒಂದೆಡೆ, ದಸರಾ ಮತ್ತು ಬೇಸಿಗೆ ರಜೆ ಇನ್ನೊಂದೆಡೆ ಎಂಬ ಹಂಚಿಕೆಯೇ ಲೇಸು. ಬಸ್ಸಿನಲ್ಲಿ ಕರೆತರುವವರಾರು, ಜ್ವರ ಬಂದರೆ ತಿಳಿಸುವವರಾರು ಎಂಬುದನ್ನೂ ರಾಜಿಪತ್ರದಲ್ಲೇ ಬರೆಸಬೇಕು. ಮಗು ಬೆಳೆದಂತೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ನ್ಯಾಯಾಲಯವು ಅದನ್ನು ಮಾರ್ಪಡಿಸಬಲ್ಲದು.