ಮುತ್ತಜ್ಜನ ಸಮಾಧಿ, ಮುತ್ತಜ್ಜಿಯ ಹೆಸರು

ರಿಟೈರಾದವರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಇನ್ನೇನ್ ಮಾಡ್ತೀರಿ ಸಾರ್?" ವಾಕಿಂಗ್, ಕಾಶಿಯಾತ್ರೆ, ಮೊಮ್ಮಕ್ಕಳು... ನಾನು "ಸಮಾಧಿ ಹುಡುಕ್ತೀನಿ" ಅಂದಾಗ ಆಫೀಸಿನ ಗೆಳೆಯರು ನಕ್ಕುಬಿಟ್ಟರು. ತಮಾಷೆಯಲ್ಲ, ಕಳೆದ ಎಳ್ಳಮಾವಾಸ್ಯೆಗೆ ಅದನ್ನೇ ಮಾಡಿ ಬಂದೆ.

ನಮ್ಮದು ರೋಣ ತಾಲೂಕಿನ ಒಂದು ಹಳ್ಳಿ. ನಾವು ಹೂಳುವ ಜನ, ಅದೂ ಹಿರಿಯರನ್ನು ಅವರ ಹೊಲದಲ್ಲೇ. ಹಾಗಾಗಿ ನಮ್ಮಲ್ಲಿ ವಂಶ ಹುಡುಕುವುದು ಅಂದರೆ ಹೊಲ ಹುಡುಕುವುದು. ಸರ್ವೆ ನಂಬರ್ ಹಿಡಿದು ಹಳೇ ಉತಾರ, ವಾಟ್ನಿ ಕಾಗದ ತೆಗೆಸಿದರೆ ಮೂರು ತಲೆ ಹಿಂದಕ್ಕೆ ಹೋಗಬಹುದು. ಗದಗ ಜಿಲ್ಲೆ ಆಗಿದ್ದೇ 1997ರಲ್ಲಿ, ಹಾಗಾಗಿ ಹಳೇ ಕಾಗದದಲ್ಲೆಲ್ಲ ಧಾರವಾಡ ಜಿಲ್ಲೆ ಅಂತಲೇ ಇರುತ್ತದೆ. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನ ಸಾವುಗಳಿಗೆ ಕಾಗದಕ್ಕಿಂತ ಊರಿನ ಮುದುಕರೇ ಗಟ್ಟಿ.

ಮುತ್ತಜ್ಜನ ಸಮಾಧಿ ಸಿಕ್ಕಿತು. ನಾವು ಆ ಹೊಲ ಮಾರಿ ನಲವತ್ತು ವರ್ಷವಾಗಿದೆ. ಈಗಿನ ಮಾಲೀಕರು ಟ್ರ್ಯಾಕ್ಟರ್ ಹೊಡೆಸುವಾಗ ಅಷ್ಟು ಜಾಗ ಬಿಟ್ಟೇ ಹೊಡೆಸುತ್ತಾರೆ. ಚರಗ ಚೆಲ್ಲುವಾಗ ಅಲ್ಲೂ ಒಂದು ತುತ್ತು ಇಟ್ಟರು. "ನಿಮ್ಮ ಹಿರ್ಯಾರು ಅಂದ್ರ ಈ ಹೊಲದ ಹಿರ್ಯಾರಲ್ಲೇನ್ರೀ?" ಅಂದರು. ನನಗೆ ನಾಚಿಕೆಯಾಯಿತು.

ಸರಿ, ಮುತ್ತಜ್ಜಿಯದು ಎಲ್ಲಿ? ಯಾರಿಗೂ ಗೊತ್ತಿಲ್ಲ. ಉತಾರದಲ್ಲಿ ಅವಳಿಲ್ಲ. ನಾನು ಚಿಕ್ಕವನಿದ್ದಾಗ ಹೆಳವರು ಎತ್ತಿನ ಮೇಲೆ ಬಂದು, ನಮ್ಮ ಮನೆತನದ ಹಿರಿಯರನ್ನೆಲ್ಲ ಹೊಗಳಿ ಕಾಳು ಪಡೆದು ಹೋಗುತ್ತಿದ್ದರು. ಅದರಲ್ಲೂ ನನಗೆ ನೆನಪಿರುವುದು "ಇಂಥವನ ಮಗ ಇಂಥವ" ಅಷ್ಟೇ.

ಕೊನೆಗೆ ಎಂಬತ್ತೆಂಟು ವರ್ಷದ ಸೋದರತ್ತೆಯ ಹತ್ತಿರ ಹೋದೆ. "ಅತ್ತೀ, ನಿಮ್ಮಪ್ಪನ ಅವ್ವನ ಹೆಸರೇನ್ ಬೇ?"

"ಅಯ್ಯ ಖೋಡಿ, ನನ್ನ ಹೆಸರ ಅಕೀದ! ಅಕೀ ಹೆಸರ ಉಳೀಲಿ ಅಂತ ನಮ್ಮಪ್ಪ ನನಗ ಇಟ್ಟಾನ."

ದೊಡ್ಡ ಬ್ಯಾನಿ ಬಂದಾಗ ಹೋದಳಂತೆ. ಅಜ್ಜನ ವಯಸ್ಸಿನ ಲೆಕ್ಕ ಹಾಕಿದರೆ ಅದು 1918ರ ಇನ್‌ಫ್ಲುಯೆಂಜಾ ಇರಬೇಕು. "ಹೊರಾಕ ಮಂದಿ ಇರ್ಲಿಲ್ಲಂತ. ಹಳ್ಳದ ದಂಡಿಗೆ ಮೂರ್ನಾಲ್ಕು ಹೆಣ ಕೂಡೇ ಇಟ್ಟಾರಂತ." ಕಲ್ಲಿಲ್ಲ, ಗುರುತಿಲ್ಲ. ಆದರೆ ಹೆಸರು ಅರವತ್ತು ವರ್ಷದಿಂದ ನನ್ನ ಕಣ್ಣೆದುರೇ ಓಡಾಡುತ್ತಿತ್ತು. ನಾನು ಕೇಳಿರಲಿಲ್ಲ ಅಷ್ಟೇ.

"ಲಿಂಗೈಕ್ಯರಾದವರನ್ನ ಹುಡುಕಿ ಏನ್ ಮಾಡ್ತೀ?" ಅಂತ ನನ್ನ ತಮ್ಮ ಕೇಳಿದ. ಪ್ರಶ್ನೆ ಸರಿಯಾಗಿಯೇ ಇದೆ. ಪೂಜೆ ಮಾಡಲಿಕ್ಕಲ್ಲ. ನಾವು ಯಾವ ರಾಜನ ವಂಶ ಅಂತ ಮೀಸೆ ತಿರುವಲಿಕ್ಕಂತೂ ಅಲ್ಲವೇ ಅಲ್ಲ. ವಂಶವೃಕ್ಷ ಬರೆಯುವವರಲ್ಲಿ ಆ ಚಟ ಬಹಳ. ನನಗನ್ನಿಸುವುದು, ಈ ಹುಡುಕಾಟದಲ್ಲಿ ನಾವು ಯಾರನ್ನು ಲೆಕ್ಕದಿಂದ ಬಿಟ್ಟಿದ್ದೇವೆ ಅಂತ ಗೊತ್ತಾಗಬೇಕು. ಇಲ್ಲದಿದ್ದರೆ ಅದು ಬರೀ ಸಮಾಧಿ ಟೂರು.

2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. ಹಾಗಾಗಿ ಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಈಗ ಅವರ ಹೆಸರು ಬರುತ್ತದೆ. ಎಷ್ಟೋ ಮನೆಗಳಲ್ಲಿ ಬರೆಯುವುದು, ಮಾರನೇ ದಿನ ಹಕ್ಕು ಬಿಟ್ಟೆ ಅಂತ ಸಹಿ ಹಾಕಿಸಿಕೊಳ್ಳಲಿಕ್ಕೆ! ನನ್ನ ತಂಗಿಯಿಂದ ನಾವೂ ಹಾಕಿಸಿಕೊಂಡಿದ್ದೇವೆ. ಹಳ್ಳದ ದಂಡೆಯಲ್ಲಿ ನಿಂತಾಗ ನನಗೆ ನೆನಪಾದದ್ದು ಆ ಸಹಿ. ಅದನ್ನು ಸರಿಮಾಡುವ ಮಾತು ಈಗ ತಮ್ಮನ ಜೊತೆ ನಡೆದಿದೆ, ಸುಲಭವಿಲ್ಲ.

ನಿವೃತ್ತರಾದ ಗೆಳೆಯರಿಗೆ ನನ್ನ ಸಲಹೆ ಇಷ್ಟೇ. ಸಮಾಧಿಯ ಫೋಟೋ ತೆಗೆಯಿರಿ, ಸರ್ವೆ ನಂಬರ್ ಬರೆದಿಡಿ, ಮೊಬೈಲಿನಲ್ಲಿ ಲೊಕೇಶನ್ ಉಳಿಸಿ. ಹೊಲ ಮಾರುವಾಗ ಅಷ್ಟು ಜಾಗ ಬಿಡುವ ಮಾತನ್ನು ಪತ್ರದಲ್ಲೇ ಬರೆಸಿ. ಎಲ್ಲ ಮಾಲೀಕರೂ ನಮಗೆ ಸಿಕ್ಕವರಂತೆ ಇರುವುದಿಲ್ಲ. ಆದರೆ ಇದೆಲ್ಲಕ್ಕೂ ಮೊದಲು ಮನೆಯ ಹಿರೀ ಹೆಂಗಸಿನ ಹತ್ತಿರ ಒಂದು ದಿನ ಕೂರಿ. ಕಲ್ಲು ನಾಳೆಯೂ ಇರುತ್ತದೆ, ಅವರು ಇರುತ್ತಾರೋ ಇಲ್ಲವೋ.

ಅಂದ ಹಾಗೆ, ನಿಮ್ಮ ಮುತ್ತಜ್ಜಿಯ ಹೆಸರೇನು? ಗೊತ್ತಿಲ್ಲದಿದ್ದರೆ ಇವತ್ತೇ ಊರಿಗೊಂದು ಫೋನ್ ಮಾಡಿ.