ಬಟನ್ ಅಂತ ಕಂಡದ್ದು ಬಟನ್ ಆಗಿರಲಿಲ್ಲ

ಕಳೆದ ವರ್ಷ ನಮ್ಮ ಕಾಲೇಜು ಹಬ್ಬಕ್ಕೆ ವೆಬ್‌ಸೈಟ್ ಮಾಡಿದ್ದು ನಾನು. ಮೂರು ರಾತ್ರಿ ನಿದ್ದೆಗೆಟ್ಟಿದ್ದೆ. ಕಪ್ಪು ಹಿನ್ನೆಲೆ, ತೇಲಿ ಬರುವ ಅಕ್ಷರಗಳು, ಮೌಸ್ ತಾಗಿದರೆ ಹೊಳೆಯುವ ‘ನೋಂದಾಯಿಸಿ’ ಬಟನ್. ಪ್ರಾಂಶುಪಾಲರು ವೇದಿಕೆಯಲ್ಲೇ ಹೆಸರು ಹೇಳಿ ಹೊಗಳಿದರು. ಆದರೆ ಹಿಂದಿನ ವರ್ಷ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದಿದ್ದ ನನ್ನ ಹಾಸ್ಟೆಲ್ ಗೆಳೆಯ ಹೆಸರೇ ಕೊಟ್ಟಿರಲಿಲ್ಲ. ಯಾಕೋ ಅಂದರೆ, ‘ನಿನ್ನ ಸೈಟಲ್ಲಿ ಬಟನ್ನೇ ಇಲ್ವಲ್ಲೋ ಮಾರಾಯ’ ಎಂದ.

ಅವನಿಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ, ಅವನು ಕೀಬೋರ್ಡ್‌ನಲ್ಲೇ ಎಲ್ಲ ಕೆಲಸ ಮಾಡುತ್ತಾನೆ. ಅಂದು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಸೈಟನ್ನು ನನಗೇ ಕೇಳಿಸಿದ. ಸ್ಪರ್ಧೆಯ ನಿಯಮಗಳೆಲ್ಲ ಪೋಸ್ಟರ್ ಚಿತ್ರದಲ್ಲಿದ್ದವು. ಅಲ್ಲಿ ‘ಗ್ರಾಫಿಕ್’ ಎಂದು ಸುಮ್ಮನಾಯಿತು. ಫಾರಂನಲ್ಲಿ ‘ಎಡಿಟ್, ಎಡಿಟ್, ಎಡಿಟ್’ ಎಂದಿತೇ ಹೊರತು ಯಾವುದು ಹೆಸರು, ಯಾವುದು ಫೋನ್ ನಂಬರ್ ಎಂದು ಹೇಳಲಿಲ್ಲ. ಟ್ಯಾಬ್ ಒತ್ತುತ್ತಾ ಹೋದರೆ ನನ್ನ ಹೊಳೆಯುವ ಬಟನ್ನನ್ನು ಹಾರಿಸಿ ಮುಂದೆ ಹೋಯಿತು. ಅದು ಬಟನ್ ಆಗಿರಲೇ ಇಲ್ಲ. ಡಿವ್ ಎಂಬ ಖಾಲಿ ಡಬ್ಬಿಗೆ ಬಣ್ಣ ಬಳಿದು ಬಟನ್ ವೇಷ ಹಾಕಿದ್ದೆ.

‘ಬೇರೆಯವರ ಕೈಲಿ ತುಂಬಿಸಬಹುದಿತ್ತಲ್ಲೋ’ ಅಂದೆ. ‘ಎಲ್ಲದಕ್ಕೂ ಯಾರನ್ನಾದ್ರೂ ಕರೀತಾ ಕೂರ್ಬೇಕಾ?’ ಎಂದು ಕೇಳಿದ. ಉತ್ತರ ನನ್ನ ಬಳಿ ಇರಲಿಲ್ಲ. ನೋಂದಣಿಯ ಕೊನೆಯ ದಿನವೂ ಮುಗಿದಿತ್ತು.

ನಾಚಿಕೆ ಎಂದರೆ, ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ. ಚಿತ್ರಕ್ಕೆ ಆಲ್ಟ್ ವಿವರಣೆ, ಪೆಟ್ಟಿಗೆಗೆ ಲೇಬಲ್, ಬಟನ್‌ಗೆ ಬಟನ್ ಟ್ಯಾಗ್ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್ ಲೀ 1994ರಲ್ಲಿ ಸ್ಥಾಪಿಸಿದ ಡಬ್ಲ್ಯು3ಸಿ ಈ ಮಾನದಂಡಗಳನ್ನು ರೂಪಿಸುತ್ತದೆ ಎಂಬುದು ಎರಡಂಕದ ಪ್ರಶ್ನೆಯಾಗಿ ನೆನಪಿತ್ತು. ಅದೇ ಸಂಸ್ಥೆ 2008ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1ರಷ್ಟಿರಬೇಕು. ಬಿಸಿಲಲ್ಲಿ ನಿಂತು ಮೊಬೈಲ್ ನೋಡುವ ನಮ್ಮಪ್ಪನಿಗೂ ಅದು ಬೇಕು. ನಾನು ಕಪ್ಪಿನ ಮೇಲೆ ಬೂದು ಅಕ್ಷರ ಹಾಕಿದ್ದೆ, ಸ್ಟೈಲ್ ಅಂತ.

ಕನ್ನಡದ ಪಾಡು ಇನ್ನೂ ಒಂದು ಕೈ ಮೇಲೆ. ರೆಡಿಮೇಡ್ ಟೆಂಪ್ಲೇಟ್ ತಂದು ಪುಟದ ಭಾಷೆ ಇಂಗ್ಲಿಷ್ ಎಂದು ಇದ್ದದ್ದನ್ನು ಹಾಗೇ ಬಿಟ್ಟರೆ, ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೋಗಿ ಎಡವುತ್ತದೆ. ಬದಲಿಸಬೇಕಾದ್ದು ಎರಡೇ ಅಕ್ಷರ. ಇನ್ನು ಹಳೆಯ ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ ಸುತ್ತೋಲೆಯಿಂದ ‘ಕನ್ನಡ’ ಎಂಬ ಪದವನ್ನು ಕಾಪಿ ಮಾಡಿ ನೋಡಿ: ಇಂಗ್ಲಿಷ್ ಅಕ್ಷರ, ನಡುವೆ ಒಂದು ಪೌಂಡ್ ಚಿಹ್ನೆ. ಹುಡುಕಿದರೆ ಸಿಗದು, ಓದಿಸಿದರೆ ಅರ್ಥವಾಗದು. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ರಾಜ್ಯೋತ್ಸವಕ್ಕೆ ಬಾವುಟ ಹಿಡಿಯುವ ನಾವು ಇದನ್ನು ಯಾಕೆ ಕೇಳುವುದಿಲ್ಲವೋ.

ನಿಯಮ ಅಂದರೆ ಕ್ರಿಯೇಟಿವಿಟಿ ಸಾಯುತ್ತದೆ ಎಂದು ನನ್ನ ಕ್ಲಾಸಿನವರು ವಾದಿಸುತ್ತಾರೆ. ನಮ್ಮ ಬಸ್ಸುಗಳಿಗೆ ಸಾಮಾನ್ಯವಾಗಿ ಬಾಗಿಲು ಎಡಕ್ಕೇ ಇರುತ್ತದೆ. ಬಣ್ಣ, ಸೀಟು, ಹಾಡು ಏನು ಬೇಕಾದರೂ ಇರಲಿ, ಹತ್ತುವವರಿಗೆ ಬಾಗಿಲು ಎಲ್ಲಿದೆ ಎಂದು ಗೊತ್ತಿರುತ್ತದೆ. ಹೊಸತನಕ್ಕಾಗಿ ಅದನ್ನು ಟಾಪ್ ಮೇಲಿಟ್ಟರೆ ಯಾರು ಮೆಚ್ಚುತ್ತಾರೆ?

ತಪ್ಪು ತಿದ್ದಲು ನನಗೆ ಹಿಡಿದದ್ದು ಒಂದು ಮಧ್ಯಾಹ್ನ. ಕಾಲೇಜುಗಳಿಗೆ ನನ್ನದೊಂದು ಕೋರಿಕೆ: ವೆಬ್ ಪ್ರಾಜೆಕ್ಟ್ ವೈವಾದಲ್ಲಿ ಮೌಸ್ ತೆಗೆದಿಟ್ಟು, ಕೀಬೋರ್ಡ್‌ನಲ್ಲೇ ಫಾರಂ ತುಂಬಿಸಿ ತೋರಿಸಲು ಹೇಳಿ. ಆಗದಿದ್ದರೆ ಅಂಕ ಕಡಿತ ಮಾಡಿ. ಅಂಕ ಹೋಗುತ್ತದೆ ಅಂದರೆ ನಾವು ಕಲಿಯುತ್ತೇವೆ, ನಮ್ಮ ಬುದ್ಧಿ ನಮಗೇ ಗೊತ್ತು.

ಈ ವರ್ಷದ ಹಬ್ಬಕ್ಕೆ ಮೊದಲು ನೋಂದಾಯಿಸಿದವನು ಅವನೇ. ಜೊತೆಗೆ ಇನ್ನೊಂದು ತಪ್ಪನ್ನೂ ಹುಡುಕಿಕೊಟ್ಟ. ಫೋನ್ ನಂಬರ್‌ನಲ್ಲಿ ಒಂದು ಅಂಕಿ ಕಡಿಮೆಯಾದರೆ ಪೆಟ್ಟಿಗೆಯ ಸುತ್ತ ಕೆಂಪು ಗೆರೆ ಬರುತ್ತದೆ, ಮಾತು ಬರುವುದಿಲ್ಲ. ಅದನ್ನು ಇವತ್ತು ರಾತ್ರಿ ಸರಿ ಮಾಡಬೇಕು.