ಎನಾಮಲ್ ಪುಡಿಯ ಖರೀದಿ: ಬೆಲೆಗಿಂತ ಮೊದಲು ವಿವರ

ಬರ್ನರಿನ ಜ್ವಾಲೆಯಲ್ಲಿ ಗಾಜಿನ ಕಡ್ಡಿಯನ್ನು ಕರಗಿಸಿ, ಉಕ್ಕಿನ ತಂತಿಗೆ ಸುತ್ತಿ ಮಣಿ ಮಾಡುವ ಕಸುಬು ಉತ್ತರಪ್ರದೇಶದ ವಾರಾಣಸಿ ಮತ್ತು ಪುರದಿಲ್‌ನಗರದ ಕಡೆ ಸಾವಿರಾರು ಕುಟುಂಬಗಳ ಜೀವನಾಧಾರವಾಗಿದೆ. ವಾರಾಣಸಿಯ ಗಾಜಿನ ಮಣಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇಂತಹ ಮಣಿಗಳನ್ನು ಕೊಂಡು ಫ್ಯಾಷನ್ ಆಭರಣ ತಯಾರಿಸುವ ಅಥವಾ ರಫ್ತು ಮಾಡುವ ಉದ್ದಿಮೆದಾರರು, ಬಿಸಿ ಮಣಿಯ ಮೇಲೆ ಉದುರಿಸುವ ಎನಾಮಲ್ ಪುಡಿಯ ಬಗೆಗೆ ವಿಚಾರಿಸುವುದು ಅಪರೂಪ. ಪುಡಿಯನ್ನು ಛಾಯೆ ಮತ್ತು ಕಿಲೋ ದರ ಇವೆರಡನ್ನೇ ನೋಡಿ ಕೊಳ್ಳುವ ರೂಢಿಯನ್ನು ಇನ್ನಾದರೂ ಕೈಬಿಡಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಗಾಜಿಗೆ ಹೊಂದುವ ಪುಡಿ

ಎನಾಮಲ್ ಎಂದರೆ ಬಣ್ಣ ಬೆರೆಸಿ ಕರಗಿಸಿ, ತಣಿಸಿ, ಅರೆದ ಗಾಜು. ಇದರಲ್ಲಿ ಬಹುಪಾಲು ತಾಮ್ರ, ಬೆಳ್ಳಿ, ಚಿನ್ನಗಳ ಮೇಲಿನ ಮೀನಾ ಕೆಲಸಕ್ಕೆಂದು ತಯಾರಾಗುವಂಥದು. ಅದನ್ನೇ ಗಾಜಿನ ಮೇಲೆ ಬಳಸುವಾಗ ಎರಡರ ಹಿಗ್ಗುವಿಕೆಯ ಪ್ರಮಾಣವೂ ಹೊಂದಬೇಕಾಗುತ್ತದೆ. ಇಟಲಿಯ ಮೃದು ಗಾಜಿನ ಕಡ್ಡಿಗಳ ಹಿಗ್ಗುವಿಕೆ ಗುಣಾಂಕ 104, ಅಮೆರಿಕದ ಬುಲ್ಸ್‌ಐ ಗಾಜಿನದು 90, ಬೋರೋಸಿಲಿಕೇಟ್ ಗಾಜಿನದು ಸುಮಾರು 33. ಮೃದು ಗಾಜಿಗೆ ಹೊಂದುವ ಪುಡಿ ಬೋರೋಸಿಲಿಕೇಟ್ ಗಾಜಿಗೆ ಹೊಂದುವುದಿಲ್ಲ. ತೆಳುವಾದ ಲೇಪ ಅಲ್ಪ ವ್ಯತ್ಯಾಸವನ್ನು ತಾಳಿಕೊಳ್ಳಬಹುದು; ದಪ್ಪ ಲೇಪ ತಾಳುವುದಿಲ್ಲ. ಬಿರುಕು ಕೆಲವೊಮ್ಮೆ ಹಲವು ದಿನಗಳ ನಂತರ, ಎಂದರೆ ಸರಕು ಗ್ರಾಹಕರ ಕೈ ಸೇರಿದ ಮೇಲೆ, ಕಾಣಿಸಿಕೊಳ್ಳುತ್ತದೆ.

ಇಲ್ಲಿ ಮತ್ತೊಂದು ಎಚ್ಚರಿಕೆ ಅವಶ್ಯ. ಎನಾಮಲ್ ತಯಾರಕರ ಕೆಲವು ಪಟ್ಟಿಗಳಲ್ಲಿ ಘನ ಹಿಗ್ಗುವಿಕೆಯ ಅಂಕಿಯನ್ನು ಕೊಡಲಾಗುತ್ತದೆ. ಅದು ಗಾಜಿನವರು ಹೇಳುವ ರೇಖೀಯ ಅಂಕಿಯ ಸುಮಾರು ಮೂರು ಪಟ್ಟು. ಯಾವ ಅಳತೆ ಎಂದು ಕೇಳದೆ ಎರಡು ಅಂಕಿಗಳನ್ನು ಹೋಲಿಸಿದರೆ ಒಳ್ಳೆಯ ಪುಡಿಯನ್ನು ತಿರಸ್ಕರಿಸಿ, ಹೊಂದದ ಪುಡಿಯನ್ನು ಆರಿಸುವ ಸಂಭವವಿದೆ. ಗುಣಾಂಕವೇ ಗೊತ್ತಿಲ್ಲದ ಸ್ಥಳೀಯ ಕಡ್ಡಿಗಳನ್ನು ಬಳಸುವವರಿಗಂತೂ ಪ್ರತಿ ಹೊಸ ಚೀಲದಿಂದ ಕೆಲವು ಮಣಿಗಳನ್ನು ಮಾಡಿ, ಕುಲುಮೆಯಲ್ಲಿ ನಿಧಾನವಾಗಿ ತಣಿಸಿ, ಒಂದೆರಡು ವಾರ ಇಟ್ಟು ನೋಡುವುದೇ ಭದ್ರವಾದ ಮಾರ್ಗ.

ಪುಡಿಯ ಕಣದ ಗಾತ್ರವೂ ಮುಖ್ಯ. 80 ಮೆಶ್ ಜರಡಿಯ ಕಂಡಿ ಸುಮಾರು 0.18 ಮಿಲಿಮೀಟರ್, ಉದುರಿಸುವ ಕೆಲಸಕ್ಕೆ ಸಾಮಾನ್ಯವಾಗಿ ಈ ಗಾತ್ರವೇ ಸಾಕು. 325 ಮೆಶ್‌ನದು 0.045 ಮಿಲಿಮೀಟರಿನಷ್ಟು, ಅದು ಚಿತ್ರ ಬಿಡಿಸುವವರಿಗೆ ಯೋಗ್ಯ. ನುಣುಪಾದ ಪುಡಿ ಹೆಚ್ಚಿದಷ್ಟೂ ಪಾರದರ್ಶಕ ಬಣ್ಣ ಮಬ್ಬಾಗುತ್ತದೆ, ದೂಳು ಶ್ವಾಸಕ್ಕೆ ಸೇರುವುದೂ ಹೆಚ್ಚಾಗುತ್ತದೆ.

ಸೀಸದ ಪ್ರಶ್ನೆ

ಸೀಸಯುಕ್ತ ಎನಾಮಲ್ ಕಡಿಮೆ ಶಾಖದಲ್ಲಿ ಕರಗುತ್ತದೆ, ಹೆಚ್ಚು ಹೊಳೆಯುತ್ತದೆ. ಅದರ ಪರವಾಗಿ ವಾದಿಸುವವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಐರೋಪ್ಯ ಒಕ್ಕೂಟವು 2012ರಲ್ಲಿ ಆಭರಣಗಳಲ್ಲಿ ಸೀಸಕ್ಕೆ ಶೇಕಡ 0.05ರ ಮಿತಿ ವಿಧಿಸಿದಾಗ, ಕನಿಷ್ಠ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ತಯಾರಿಸಿದ ಎನಾಮಲ್‌ಗಳಿಗೆ ವಿನಾಯಿತಿಯನ್ನೂ ಕೊಟ್ಟಿತು. ಆದರೆ ಈ ವಿನಾಯಿತಿ ಎಲ್ಲೆಡೆ ಅನ್ವಯಿಸುತ್ತದೆಂದು ಭಾವಿಸುವುದು ಅಪಾಯಕಾರಿ. ಅಮೆರಿಕವು 2008ರ ಗ್ರಾಹಕ ಉತ್ಪನ್ನ ಸುರಕ್ಷತಾ ಸುಧಾರಣಾ ಕಾಯಿದೆಯಡಿ, 12 ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳ ಸರಕಿನಲ್ಲಿ ಸೀಸದ ಮಿತಿಯನ್ನು 2011ರ ಆಗಸ್ಟ್‌ನಿಂದ ಹತ್ತು ಲಕ್ಷಕ್ಕೆ 100 ಭಾಗಗಳಿಗೆ ಇಳಿಸಿದೆ. ಸ್ಫಟಿಕ ಹಾಗೂ ಗಾಜಿನ ಮಣಿಗಳಿಗೆ ವಿನಾಯಿತಿ ಕೋರಿ ಆಭರಣ ವ್ಯಾಪಾರಿಗಳು ಸಲ್ಲಿಸಿದ್ದ ಮನವಿಯನ್ನು ಅಲ್ಲಿನ ಆಯೋಗ 2009ರಲ್ಲಿಯೇ ತಿರಸ್ಕರಿಸಿತು. ಒಂದೇ ಮಣಿ ಒಂದು ಬಂದರಿನಲ್ಲಿ ಸಕ್ರಮ, ಇನ್ನೊಂದರಲ್ಲಿ ಅಕ್ರಮವಾಗಬಹುದು. ಆಭರಣ ಕೊನೆಗೆ ಯಾವ ಮಗುವಿನ ಕೊರಳಿಗೆ ಹೋಗುವುದೆಂದು ಪುಡಿ ಕೊಳ್ಳುವ ದಿನ ಹೇಳಬಲ್ಲವರು ಯಾರು?

ಕಾನೂನಿಗಿಂತ ಹತ್ತಿರದ ಕಾರಣವೊಂದಿದೆ. ಗಾಜಿನಲ್ಲಿ ಬೆರೆತು ಗಟ್ಟಿಯಾದ ಸೀಸಕ್ಕಿಂತ ಗಾಳಿಯಲ್ಲಿ ತೇಲುವ ಸೀಸದ ಪುಡಿ ಹೆಚ್ಚು ಅಪಾಯಕರ. ಮಣಿ ಕೆಲಸದ ಗಣನೀಯ ಭಾಗ ಮನೆಗಳಲ್ಲಿಯೇ ನಡೆಯುತ್ತದೆ. ಜರಡಿ ಹಿಡಿಯುವ ಕೋಣೆಯಲ್ಲಿಯೇ ಅಡುಗೆ, ಅಲ್ಲಿಯೇ ಮಕ್ಕಳ ನಿದ್ರೆ. ಕೆಂಪು, ಕಿತ್ತಳೆ, ಹಳದಿ ಬಣ್ಣಗಳ ಹಲವು ಪುಡಿಗಳಲ್ಲಿರುವ ಕ್ಯಾಡ್ಮಿಯಂ ಕೂಡ ಇದೇ ಬಗೆಯ ಆತಂಕಕ್ಕೆ ಎಡೆ ಮಾಡುತ್ತದೆ. ಕುಶಲಕರ್ಮಿಯ ದೃಷ್ಟಿಯಿಂದಲೂ ಸೀಸದ ಎನಾಮಲ್ ತೊಡಕಿನದೇ: ಜ್ವಾಲೆಯಲ್ಲಿ ಆಮ್ಲಜನಕ ಸ್ವಲ್ಪ ಕಡಿಮೆಯಾದರೂ ಅದರ ಮೇಲ್ಮೈ ಬೂದು ಅಥವಾ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಅಮೆರಿಕದ ಥಾಂಪ್ಸನ್ ಸಂಸ್ಥೆಯ ಸೀಸರಹಿತ ಎನಾಮಲ್‌ಗಳು ದಶಕಗಳಿಂದ ಲಭ್ಯವಿವೆ. ಆದುದರಿಂದ ಸೀಸಕ್ಕೆ ಪರ್ಯಾಯವೇ ಇಲ್ಲವೆಂಬ ವಾದ ನಿಲ್ಲುವುದಿಲ್ಲ.

ಬೆಲೆಯ ಲೆಕ್ಕ

ಸೀಸರಹಿತ ಪುಡಿ ದುಬಾರಿ ಎಂಬ ಆಕ್ಷೇಪವನ್ನು ಲೆಕ್ಕ ಹಾಕಿಯೇ ನೋಡೋಣ. ಒಂದು ಮಣಿಗೆ ಅರ್ಧ ಗ್ರಾಂ ಪುಡಿ ಬೇಕೆಂದು ಧಾರಾಳವಾಗಿ ಹಿಡಿದರೂ ಒಂದು ಕಿಲೋದಲ್ಲಿ 2,000 ಮಣಿಗಳಾಗುತ್ತವೆ. ಕಿಲೋಗೆ 1,000 ರೂಪಾಯಿ ಹೆಚ್ಚು ತೆತ್ತರೂ ಮಣಿಯೊಂದಕ್ಕೆ ಬೀಳುವ ಹೊರೆ 50 ಪೈಸೆ. ಸರಕು ತಿರಸ್ಕೃತವಾದರೆ ನಷ್ಟವಾಗುವುದು ಪುಡಿಯೊಂದೇ ಅಲ್ಲ. ಗಾಜು, ಅನಿಲ, ಕೂಲಿ, ಸಾಗಣೆ ಮತ್ತು ಗ್ರಾಹಕರ ವಿಶ್ವಾಸ ಎಲ್ಲವೂ ಅದರೊಡನೆ ಹೋಗುತ್ತವೆ.

ನಿಜವಾದ ಅಡಚಣೆ ದರಕ್ಕಿಂತ ಪ್ರಮಾಣದ್ದು. ಹತ್ತು ಬಣ್ಣಗಳಲ್ಲಿ ಅರ್ಧರ್ಧ ಕಿಲೋ ಬೇಕಾದ ಘಟಕ ಒಂಟಿಯಾಗಿ ಆಮದು ಮಾಡಿಕೊಳ್ಳುವುದು ಕಷ್ಟ. ಅದರಿಂದಾಗಿ ಅದು ಡಬ್ಬ ಬದಲಾಯಿಸಿ ಮಾರುವ ಚಿಲ್ಲರೆ ವ್ಯಾಪಾರಿಯನ್ನು ಅವಲಂಬಿಸುತ್ತದೆ. ಅಲ್ಲಿ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಸಂಯೋಜನೆಯ ವಿವರ ಮೂರೂ ಕಳೆದುಹೋಗುತ್ತವೆ. ಎನಾಮಲ್ ಮತ್ತು ಗಾಜಿನ ಪುಡಿ ಎರಡೂ 3207ನೇ ಸುಂಕ ಶೀರ್ಷಿಕೆಯಡಿಯಲ್ಲಿಯೇ ಬರುವುದರಿಂದ ಬಿಲ್ಲಿನ ಸಂಖ್ಯೆಯೊಂದರಿಂದ ಒಳಗೇನಿದೆ ಎಂದು ತಿಳಿಯುವುದಿಲ್ಲ.

ಇದಕ್ಕೆ ಪರಿಹಾರ ಒಟ್ಟುಗೂಡಿ ಕೊಳ್ಳುವುದು. ಮಣಿ ಕೊಳ್ಳುವ ಆಭರಣ ಘಟಕಗಳು ಮತ್ತು ಮಣಿ ತಯಾರಕರು ಸೇರಿ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಜಂಟಿ ಬೇಡಿಕೆ ಸಲ್ಲಿಸಿದರೆ ಮೂಲ ತಯಾರಕರಿಂದ ಮೊಹರು ಮುರಿಯದ ಸರಕು ಪಡೆಯಬಹುದು. ಬ್ಯಾಚಿಗೊಂದು ಪ್ರಯೋಗಾಲಯ ಪರೀಕ್ಷೆಯ ವೆಚ್ಚವನ್ನು ಹಂಚಿಕೊಳ್ಳಬಹುದು. ಇಂತಹ ಒಕ್ಕೂಟಕ್ಕೆ ವೇದಿಕೆ ಒದಗಿಸುವುದು ವಾಣಿಜ್ಯ ಸಂಸ್ಥೆಗಳ ಕರ್ತವ್ಯಗಳಲ್ಲಿ ಒಂದು. ಅಲ್ಲಿಯವರೆಗೆ ಪ್ರತಿ ಖರೀದಿ ಆದೇಶದಲ್ಲಿಯೂ ಮೂರು ವಿವರಗಳನ್ನು ಕಡ್ಡಾಯವಾಗಿ ಕೇಳೋಣ: ಸೀಸ ಮತ್ತು ಕ್ಯಾಡ್ಮಿಯಂ ಇದೆಯೇ, ಯಾವ ಗುಣಾಂಕದ ಗಾಜಿಗೆ ಯೋಗ್ಯ, ಬ್ಯಾಚ್ ಸಂಖ್ಯೆ ಏನು. ಉತ್ತರ ಕೊಡಲಾರದ ಮಾರಾಟಗಾರ ಎಷ್ಟೇ ಅಗ್ಗದ ದರ ಹೇಳಿದರೂ ಆ ಪುಡಿ ನಮಗೆ ಬೇಡ.